ಧಾತು ಬರದ ಆ ಫೋಟೊವನ್ನು ತರಗತಿಯಲ್ಲಿ ತೋರಿಸಬಹುದೇ?

ಬಳ್ಳಾರಿ ಮೇಷ್ಟ್ರು:
ಎಂಟನೆಯ ತರಗತಿಗೆ 1876–78ರ ಬರದ ಪಾಠ ಮಾಡುತ್ತಿದ್ದೆ. ಹಿರಿಯರು ಧಾತು ಬರ ಎನ್ನುತ್ತಿದ್ದುದು ಇದನ್ನೇ. ಮದ್ರಾಸ್ ಸೈನ್ಯದ ಅಧಿಕಾರಿ ವಿಲ್ಲೊಬಿ ವ್ಯಾಲೇಸ್ ಹೂಪರ್ ತೆಗೆದ ಫೋಟೊ ತೋರಿಸಿದೆ. ಪಕ್ಕೆಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಮಕ್ಕಳು. ಮದುವೆಮನೆಯ ಗುಂಪುಚಿತ್ರಕ್ಕೆ ಕೂರಿಸಿದಂತೆ ಸಾಲಾಗಿ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಊಟ ಕೊಟ್ಟು ಕೂರಿಸಿದರೋ, ಕೂರಿಸಿ ಊಟ ಕೊಟ್ಟರೋ?" ನನಗೆ ಮಾತು ಹೊರಡಲಿಲ್ಲ. ಇನ್ನು ಮುಂದೆ ತೋರಿಸಲೋ ಬೇಡವೋ?

ಕತ್ತಲೆಕೋಣೆ:
ಊಟದ ಸಂಗತಿ ಇರಲಿ, ನಾನು ನೀರಿನ ಲೆಕ್ಕ ಹೇಳುತ್ತೇನೆ. ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು. ಹುಚ್ಚಿಗೆ ಬಿದ್ದು ಒಮ್ಮೆ ಆ ಕಾಲದ ವೆಟ್ ಪ್ಲೇಟ್ ವಿಧಾನವನ್ನೂ ಮಾಡಿ ನೋಡಿದೆ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ರಸ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಪಸೆ ಆರುವುದರೊಳಗೆ ಚಿತ್ರ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ನನಗೆ ಹತ್ತು ನಿಮಿಷವೂ ಸಿಗಲಿಲ್ಲ. ಹಾಗಾಗಿ ಕತ್ತಲೆ ಗುಡಾರ, ಗಾಜಿನ ಪೆಟ್ಟಿಗೆ, ಸೀಸೆಗಳು ಎಲ್ಲವನ್ನೂ ಸ್ಥಳಕ್ಕೇ ಹೊತ್ತೊಯ್ಯಬೇಕಿತ್ತು. ಎಕ್ಸ್‌ಪೋಷರ್ ಸೆಕೆಂಡುಗಟ್ಟಲೆ. ನಿತ್ರಾಣದಿಂದ ತಲೆ ವಾಲಿದರೆ ಮುಖವೇ ಮಸುಕು. ಕೂರಿಸಿ, ಅಲುಗಬೇಡಿ ಎಂದು ಗದರದೆ ಅಂಥ ಚಿತ್ರ ಬರುವುದಿಲ್ಲ. ಕೊನೆಗೆ ಗಾಜನ್ನು ನೀರು ಸುರಿದು ಸುರಿದು ತೊಳೆಯಬೇಕು. ನನಗೆ ಒಂದು ಪ್ಲೇಟಿಗೆ ಅರ್ಧ ಬಕೆಟ್ ಹಿಡಿಯಿತು. ಬರದ ಊರಿನಲ್ಲಿ ಆ ನೀರು ಯಾರ ಕೊಡದ್ದು?

ಹಳೇ ಪತ್ರಿಕೆ:
ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಮರಣದಂಡನೆಯ ಚಿತ್ರ ತೆಗೆದ. ಕ್ಯಾಮೆರಾ ಸಿದ್ಧವಾಗುವವರೆಗೆ ಕೈದಿಗಳನ್ನು ನಿಲ್ಲಿಸಿದ್ದ ಎಂಬ ಆರೋಪ ಲಂಡನ್ನಿನ 'ಟೈಮ್ಸ್' ತನಕ ಹೋಗಿ ವಿಚಾರಣೆಯೂ ನಡೆಯಿತು. ಅಂಥವನ ಚಿತ್ರ. ಆದರೂ ತೋರಿಸಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಯನ್ನು ಮಕ್ಕಳು ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತಾರೆ. ಆಗಿನ ಪತ್ರಿಕೆಗಳಿಗೆ ಫೋಟೊವನ್ನು ನೇರವಾಗಿ ಅಚ್ಚು ಹಾಕಲು ಬರುತ್ತಿರಲಿಲ್ಲ. 1877ರ ಅಕ್ಟೋಬರಿನ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'ನಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕೆ ಕಾದು ಕುಳಿತವರು ಸಿಗುವುದು ಕೆತ್ತನೆಯ ಗೆರೆಗಳಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದನ್ನು ನಂಬುತ್ತೀರಿ ಎಂದು ಕೇಳಿ ನೋಡಿ.

ಬಳ್ಳಾರಿ ಮೇಷ್ಟ್ರು:
ಸೋಮವಾರ ಮತ್ತೆ ತೋರಿಸುತ್ತೇನೆ. ಮೇಜಿನ ಮೇಲೆ ಅರ್ಧ ಬಕೆಟ್ ನೀರನ್ನೂ ಇಡುತ್ತೇನೆ. ಆ ಸಿಲ್ವರ್ ನೈಟ್ರೇಟ್ ದ್ರಾವಣ ತಾಗಿದರೆ ಕೈ ಕಪ್ಪಾಗುತ್ತದೆಯಂತೆ, ನಿಜವೇ?

ಕತ್ತಲೆಕೋಣೆ:
ನಿಜ. ಹತ್ತು ದಿನ ಬೆರಳು ಕಪ್ಪಗೇ ಇತ್ತು. ಮನೆಯಲ್ಲಿ ಅನ್ನ ಬಡಿಸಿ ಪಕ್ಕದಲ್ಲಿ ಚಮಚ ಇಡುತ್ತಿದ್ದರು.