ಇಗ್ನಿಷನ್‌ಗೆ ‘ದಹನ’ ಸರಿಯೇ? ಡಿಸ್ಟ್ರಿಬ್ಯೂಟರ್ ವೈರಿಂಗ್ ಬರೆಯುವಾಗ ಎದ್ದ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಹಳೇ ಕಾರಿನ ಡಿಸ್ಟ್ರಿಬ್ಯೂಟರ್‌ನಿಂದ (ಒಂದೊಂದು ಸಿಲಿಂಡರ್‌ಗೂ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಭಾಗ) ಪಾಯಿಂಟ್, ಅಂದರೆ ಕರೆಂಟ್ ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್, ತೆಗೆದು ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು ಹೇಗೆ ಅಂತ ಗೆಳೆಯನಿಗಾಗಿ ಕನ್ನಡದಲ್ಲಿ ಎರಡು ಪುಟ ಬರೆಯುತ್ತಿದ್ದೇನೆ. ವೈರಿಂಗ್ ಅಷ್ಟೇನೂ ಕಷ್ಟವಲ್ಲ. ಈ ಕಿಟ್ಟಿನಲ್ಲಿ ಇರುವುದೇ ಎರಡು ವೈರ್. ಕೆಂಪು ವೈರ್ ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಅದಲು ಬದಲಾದರೆ ಕಿಟ್ಟಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಸುಟ್ಟುಹೋಗಬಹುದು. ಅದಕ್ಕೇ ಒಂದೊಂದು ಪದವೂ ಸರಿಯಾಗಿರಬೇಕು ಅನ್ನುವುದು ನನ್ನ ಆಸೆ.

ಮೊದಲು ಇಗ್ನಿಷನ್. ಸಾಮಾನ್ಯವಾಗಿ ‘ದಹನ’ ಅಂತ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. ದಹನ ಅಂದರೆ ಉರಿಯುವುದು. ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯುತ್ತದಲ್ಲ, ಅದು ದಹನ. ‘ಅಂತರ್ದಹನ ಎಂಜಿನ್’ ಅನ್ನುವಾಗ ಆ ಪದ ಅಲ್ಲಿಗೆ ಆಗಲೇ ಸಂದಿದೆ. ಇಗ್ನಿಷನ್ ಅದಕ್ಕೂ ಮುಂಚಿನದು, ಕಿಡಿ ತಾಗಿ ಹೊತ್ತಿಕೊಳ್ಳುವ ಗಳಿಗೆ. ದೀಪ ಹಚ್ಚುವುದು ಬೇರೆ, ದೀಪ ಉರಿಯುವುದು ಬೇರೆ ಅಲ್ವಾ? ‘ಹೊತ್ತಿಕೆ’ ಅಂದರೆ ಹೇಗಿರುತ್ತದೆ? ಆದರೆ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಆನ್ ಮಾಡಿಡಬೇಡಿ ಅನ್ನುವ ಎಚ್ಚರಿಕೆಗೆ ಅದೂ ಒಗ್ಗುವುದಿಲ್ಲ. ಅಲ್ಲಿ ಸುಮ್ನೆ ‘ಕೀ ಆನ್’ ಅಂತಲೇ ಬರೆದೆ.

ಡಿಸ್ಟ್ರಿಬ್ಯೂಟರ್‌ಗೆ ‘ವಿತರಕ’ ಅಂದರೆ ಸಿನಿಮಾ ಹಂಚುವವರ ನೆನಪೇ ಬರುತ್ತದೆ. ಜರ್ಮನ್ನರ ‘ತ್ಸ್ಯುಂಡ್‌ಫೆರ್ಟೈಲರ್’ನಲ್ಲಿ ಹೊತ್ತಿಸುವುದು, ಹಂಚುವುದು ಎರಡೂ ಇವೆ. ಫ್ರೆಂಚರ ‘ಅಲ್ಯೂಮರ್’ ಅಂದರೆ ಬರೀ ಹಚ್ಚುವಂಥದ್ದು. ಆಡುಮಾತಿನಲ್ಲಿ ಅವರು ‘ಡೆಲ್ಕೊ’ ಅಂತಲೂ ಅನ್ನುತ್ತಾರೆ. ಅದು ಅಮೆರಿಕದ ಡೇಟನ್ ಊರಿನಲ್ಲಿ 1909ರಲ್ಲಿ ಶುರುವಾದ ಕಂಪನಿಯ ಹೆಸರು. ಹಂಚುವುದು ಬಿಟ್ಟು ಹಚ್ಚುವುದನ್ನೇ ಹಿಡಿದ ಫ್ರೆಂಚ್ ಪದ ನನಗೆ ಹಿಡಿಸಿತು. ಯಾಕೆಂದರೆ ಡಿಸ್ಟ್ರಿಬ್ಯೂಟರ್ ಬರೀ ಹಂಚುವುದಿಲ್ಲ.

ನನಗೆ ಜಾಸ್ತಿ ತಲೆಬಿಸಿ ಆಗಿರುವುದೂ ಇಲ್ಲೇ. ಪಾಯಿಂಟ್ ಕೂಡಿಕೊಂಡಿರುವಾಗ ಕಾಯಿಲ್‌ನಲ್ಲಿ 12 ವೋಲ್ಟಿನ ಕರೆಂಟ್ ಹರಿಯುತ್ತಿರುತ್ತದೆ. ಪಾಯಿಂಟ್ ಬಿಟ್ಟುಕೊಂಡ ಕೂಡಲೇ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು, ವೋಲ್ಟೇಜ್ 20,000 ವೋಲ್ಟ್‌ವರೆಗೂ ಏರಿ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಅಂದರೆ ಕರೆಂಟ್ ಕೊಟ್ಟಾಗ ಅಲ್ಲ, ನಿಲ್ಲಿಸಿದಾಗ ಕಿಡಿ. ‘ಕರೆಂಟ್ ಕೊಟ್ಟು ಕಿಡಿ ಹೊತ್ತಿಸುವ ಬಿಂದು’ ಅಂತ ಒಂದು ಕಡೆ ಓದಿದೆ. ಎರಡೂ ತಪ್ಪು. ಅದು ಬಿಂದುವೂ ಅಲ್ಲ, ಒಂದಕ್ಕೊಂದು ತಾಗಿ ಬಿಡುವ ಎರಡು ಪುಟ್ಟ ಲೋಹದ ಬಿಲ್ಲೆ. ಡಿಸ್ಟ್ರಿಬ್ಯೂಟರ್‌ನ ಮುಚ್ಚಳ, ಅಂದರೆ ಕ್ಯಾಪ್, ತೆಗೆದು ನೋಡಿದರೆ ಕಾಣುತ್ತದೆ, ಕಿಡಿ ಬಿದ್ದೂ ಬಿದ್ದೂ ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು. ಕಿಟ್ ಹಾಕಿದ ಮೇಲೆ ಆ ಜಾಗದಲ್ಲಿ ಒಂದು ಕಪ್ಪು ಮಾಡ್ಯೂಲ್, ನಡುವಿನ ಶಾಫ್ಟಿಗೆ ಮ್ಯಾಗ್ನೆಟ್ ಇರುವ ಬಳೆ. ಹಂಚುವ ರೋಟರ್, ಕ್ಯಾಪ್ ಹಾಗೇ ಇರುತ್ತವೆ. ಹಾಗಾಗಿ ‘ಎಲೆಕ್ಟ್ರಾನಿಕ್ ವಿತರಕ’ ಅನ್ನುವುದೇ ಸರಿಯಲ್ಲ. ಎಲೆಕ್ಟ್ರಾನಿಕ್ ಆಗಿದ್ದು ಹಂಚುವ ಕೆಲಸ ಅಲ್ಲ, ಕರೆಂಟ್ ತಡೆಯುವ ಕೆಲಸ. ಅದಕ್ಕೆ ಯಾವ ಕ್ರಿಯಾಪದ ಹಾಕಲಿ? ‘ಕಡಿ’, ‘ತುಂಡರಿಸು’ ಅಂದರೆ ವೈರನ್ನೇ ಕತ್ತರಿಸಿಯಾರು. ಸದ್ಯಕ್ಕೆ ‘ಕಟ್ ಮಾಡು’ ಅಂತಿಟ್ಟಿದ್ದೇನೆ.

ಇನ್ನು ‘ಮೊದಲು’ ಅನ್ನುವ ಪದ. ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಭಾಗ) ಇದ್ದರೆ ಕೆಂಪು ವೈರ್‌ಗೆ ಪೂರ್ತಿ 12 ವೋಲ್ಟ್ ಸಿಗುವ ಜಾಗ ಬೇಕು. ‘ರೆಸಿಸ್ಟರ್‌ಗಿಂತ ಮೊದಲು ಕೆಂಪು ವೈರ್ ಜೋಡಿಸಿ’ ಅಂತ ಬರೆದೆ. ಗೆಳೆಯ ಓದಿ, “ಸರಿ, ಮೊದಲು ಕೆಂಪು ವೈರ್, ಆಮೇಲೆ ರೆಸಿಸ್ಟರ್” ಅಂದ. ನಾನು ಹೇಳಿದ್ದು ಜಾಗ, ಅವನಿಗೆ ಕಂಡಿದ್ದು ಕೆಲಸದ ಸರದಿ. ಈಗ ‘ರೆಸಿಸ್ಟರ್‌ನ ಕೀ ಕಡೆಯ ತುದಿಗೆ’ ಅಂತ ತಿದ್ದಿದ್ದೇನೆ. ಕರೆಂಟ್ ಬರುವ ಕಡೆ, ಹೋಗುವ ಕಡೆ ಅನ್ನುವುದಕ್ಕೆ ವೈರಿಂಗ್ ಮಾಡುವವರ ಬಾಯಲ್ಲಿ ಇನ್ನೂ ಚಿಕ್ಕ ಮಾತು ಇದ್ದರೆ ದಯವಿಟ್ಟು ತಿಳಿಸಿ.