ಹಳೆಯ ಲ್ಯಾಂಡ್ ರೋವರಿಗೆ ಭಾರದ ಆಕ್ಸಲ್: ಹಾಕಿಸಿಕೊಂಡವರ ಅನುಭವಗಳು

ಪ್ರಶ್ನೆ: ಕಂಬ್ರಿಯಾದ ಪೆನ್ರಿತ್‌ನಿಂದ

ನನ್ನ ಬಳಿ 1969ರ ಸೀರೀಸ್ 2ಎ ಲ್ಯಾಂಡ್ ರೋವರ್ ಪಿಕಪ್ ಇದೆ. ವೀಲ್ ಬೇಸ್ 109 ಇಂಚು. ಹಿಂದಿನ ಮಾಲೀಕರು ಮೂಲದ 2.25 ಲೀಟರ್ ಪೆಟ್ರೋಲ್ ಎಂಜಿನ್ ತೆಗೆದು ಡಿಸ್ಕವರಿಯ 200 ಟಿಡಿಐ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಕಳೆದ ಚಳಿಗಾಲದಲ್ಲಿ ಸೌದೆ ತುಂಬಿದ ಟ್ರೇಲರ್ ಎಳೆಯುವಾಗ ಹಿಂದಿನ ಹಾಫ್ ಶಾಫ್ಟ್ (ಆಕ್ಸಲಿನ ನಡುವಿನಿಂದ ಚಕ್ರಕ್ಕೆ ಬಲ ಒಯ್ಯುವ ಸರಳು) ಎರಡು ಸಲ ತುಂಡಾಯಿತು. ಮುಂದೆ ಮತ್ತು ಹಿಂದೆ ಎರಡೂ ಕಡೆ ಭಾರದ ಆಕ್ಸಲ್ ಹಾಕಿಸಬೇಕೆಂದಿದ್ದೇನೆ. ಸ್ಯಾಲಿಸ್ಬರಿ ಕಂಪನಿಯದು, ಇಎನ್‌ವಿ ಕಂಪನಿಯದು, ಸೈನ್ಯದ ಲ್ಯಾಂಡ್ ರೋವರ್ 101ರದ್ದು, ಲ್ಯಾಂಡ್ ರೋವರ್ 110ರದ್ದು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಕೆಲಸವನ್ನು ಸ್ವತಃ ಮಾಡಿದವರು ತಮ್ಮ ಅನುಭವವನ್ನು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ 1: ಉತ್ತರ ವೇಲ್ಸ್‌ನಿಂದ

ನನ್ನದೂ 109 ಇಂಚಿನದೇ, ಎಂಜಿನ್ ಕೂಡ ಅದೇ 200 ಟಿಡಿಐ. ಆರು ವರ್ಷಗಳ ಹಿಂದೆ ಹಿಂಬದಿಗೆ ಸ್ಯಾಲಿಸ್ಬರಿ ಆಕ್ಸಲ್ ಹಾಕಿದೆ. ಆ ಬಳಿಕ ಒಂದು ಶಾಫ್ಟ್ ಕೂಡ ಹೋಗಿಲ್ಲ. ಆದರೆ ಆಕ್ಸಲ್ ಹುಡುಕಲು ಹೊರಡುವ ಮೊದಲು, ಮುರಿದ ಶಾಫ್ಟುಗಳು ಇನ್ನೂ ನಿಮ್ಮ ಶೆಡ್ಡಿನಲ್ಲಿದ್ದರೆ ದಯವಿಟ್ಟು ಅವುಗಳ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಲ್ಲಿ ಮಬ್ಬಾದ, ಕಂದು ಬಣ್ಣದ ಹಳೆಯ ಬಿರುಕಿದ್ದು ಉಳಿದ ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ, ಆ ಶಾಫ್ಟ್ ಬಹಳ ದಿನಗಳಿಂದ ಸೀಳುತ್ತಲೇ ಇತ್ತು, ಕೊನೆಯ ಏರು ಅದಕ್ಕೆ ಒಂದು ನೆಪ ಮಾತ್ರ ಎಂದು ತಿಳಿಯಬೇಕು. ಇಡೀ ಮುಖ ಹೊಸದಾಗಿದ್ದು ಹಲ್ಲುಗಳು ತಿರುಚಿಕೊಂಡಿದ್ದರೆ, ಅದು ಒಮ್ಮೆಲೇ ಬಿದ್ದ ಹೊಡೆತ. ನನ್ನ ಶಾಫ್ಟಿನ ಹಲ್ಲುಗಳು ಹುರಿಗೊಳಿಸಿದ ಹಗ್ಗದ ಎಳೆಗಳಂತೆ ಓರೆಯಾಗಿ ಸುತ್ತಿಕೊಂಡಿದ್ದವು.

ಕಾರಣ ಸರಳವಾಗಿದೆ. ರೋವರ್ ಕಂಪನಿಯ ಮೂಲ ಆಕ್ಸಲಿನ ಹಾಫ್ ಶಾಫ್ಟಿಗೆ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಕಡೆಯ ತುದಿಯಲ್ಲಿ ಹತ್ತೇ ಹಲ್ಲುಗಳಿವೆ. ಹಲ್ಲುಗಳ ಬುಡದಲ್ಲಿ ಉಕ್ಕು ತೆಳ್ಳಗಾಗುವುದರಿಂದ ಶಾಫ್ಟ್ ಸಾಮಾನ್ಯವಾಗಿ ಅಲ್ಲಿಯೇ ತುಂಡಾಗುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 168 ನ್ಯೂಟನ್ ಮೀಟರ್ ಇದ್ದರೆ, 200 ಟಿಡಿಐಯದು 265. ಲೋ ರೇಂಜಿನ (ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಎಳೆಯುವ ಗೇರ್ ಸಾಲಿನ) ಮೊದಲ ಗೇರಿನಲ್ಲಿ ಈ ಬಲ ಚಕ್ರವನ್ನು ತಲುಪುವ ಹೊತ್ತಿಗೆ ನಲವತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಟ್ರೇಲರಿನ ಭಾರದಿಂದ ಹಿಂದಿನ ಚಕ್ರಗಳು ನೆಲವನ್ನು ಬಿಗಿಯಾಗಿ ಕಚ್ಚಿ ಹಿಡಿದಿರುವಾಗ, ಜಾರಿ ಪಾರಾಗುವ ದಾರಿಯೂ ಆ ಶಾಫ್ಟಿಗೆ ಇರುವುದಿಲ್ಲ.

ಸೀರೀಸ್ 3ರ 109 ಗಾಡಿಗಳಿಗೆ ಕಾರ್ಖಾನೆಯೇ ಹಿಂಬದಿಯಲ್ಲಿ ಸ್ಯಾಲಿಸ್ಬರಿ ಆಕ್ಸಲ್ ಹಾಕಿ ಕಳುಹಿಸುತ್ತಿತ್ತು. ಅದರ ಶಾಫ್ಟಿಗೆ 24 ಹಲ್ಲುಗಳಿವೆ, ಡಿಫರೆನ್ಷಿಯಲನ್ನು ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲಿನ ವ್ಯಾಸ ಕಾಲು ಇಂಚು ಕಡಿಮೆ ಹತ್ತು ಇಂಚು ಅಂದರೆ 9.75 ಇಂಚು. ಇದರ ಮೂಲ ವಿನ್ಯಾಸ ಅಮೆರಿಕದ ಡೇನಾ 60. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಹೀಂದ್ರ ಜೀಪಿನ ಕೆಳಗೆ ಮಲಗಿ ಕೆಲಸ ಕಲಿತವರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ, ಏಕೆಂದರೆ ಆ ಜೀಪಿನ ಹಿಂದಿನ ಆಕ್ಸಲೂ ಇದೇ ಬಳಗದ್ದು; ಡಿಫರೆನ್ಷಿಯಲನ್ನು ನೋಡಬೇಕಾದರೆ ಹಿಂಬದಿಯ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಬೇಕು. ರೋವರ್ ಆಕ್ಸಲಿನಲ್ಲಿ ಎರಡೂ ಶಾಫ್ಟ್ ಎಳೆದರೆ ಡಿಫರೆನ್ಷಿಯಲ್ ಇಡಿಯಾಗಿ ಮುಂಬದಿಯಿಂದ ಹೊರಬರುತ್ತದೆ. ಸ್ಯಾಲಿಸ್ಬರಿಯಲ್ಲಿ ಹಾಗಿಲ್ಲ. ಆಕ್ಸಲಿನ ಹೊರಕವಚವನ್ನು ವಿಶೇಷ ಸಲಕರಣೆಯಿಂದ ಕೂದಲೆಳೆಯಷ್ಟು ಅಗಲಿಸಿ ಡಿಫರೆನ್ಷಿಯಲನ್ನು ತೆಗೆಯಬೇಕು, ಶಿಮ್ಮುಗಳನ್ನು (ತೆಳು ಲೋಹದ ಬಿಲ್ಲೆಗಳನ್ನು) ಅಳೆದು ಅಳೆದು ಮತ್ತೆ ಕೂರಿಸಬೇಕು. ಮನೆಯ ಅಂಗಳದಲ್ಲಿ ಮಾಡುವ ಕೆಲಸ ಇದಲ್ಲ. ಆದ್ದರಿಂದ ಒಳಗಿನ ಗೇರುಗಳು ಚೆನ್ನಾಗಿರುವ ಆಕ್ಸಲನ್ನೇ ಹುಡುಕಿ, ಅದಕ್ಕೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಕೊಳ್ಳುವಾಗ ಮುಚ್ಚಳ ಬಿಚ್ಚಿಸಿ. ಉಳಿದ ಎಣ್ಣೆಯಲ್ಲಿ ಬೆರಳು ಅದ್ದಿ ಬೆಳಕಿಗೆ ಹಿಡಿಯಿರಿ: ಬೂದಿಯಂತಹ ನುಣುಪು ಪುಡಿ ಇದ್ದರೆ ವಯಸ್ಸಿನ ಸಹಜ ಸವೆತ, ಉಗುರಿಗೆ ಸಿಕ್ಕುವ ಚಕ್ಕೆಗಳಿದ್ದರೆ ಅಲ್ಲಿಂದ ಹೊರಟುಬಿಡಿ. ಮುಚ್ಚಳದ ಕೆಳಭಾಗದ ತಗಡು ತುಕ್ಕು ಹಿಡಿದಿರುವುದು ಸಾಮಾನ್ಯ, ಮುಚ್ಚಳವನ್ನು ಬದಲಿಸಿದರಾಯಿತು.

ಇದಕ್ಕಿಂತ ಮುಖ್ಯವಾದದ್ದು ಅನುಪಾತ, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಗೇರ್ ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ. 1979ರಿಂದ 1985ರವರೆಗೆ ಬಂದ ಸ್ಟೇಜ್ ಒನ್ ವಿ8 ಗಾಡಿಯ ಹಿಂಬದಿಯಲ್ಲೂ ಲೀಫ್ ಸ್ಪ್ರಿಂಗಿನ ಸ್ಯಾಲಿಸ್ಬರಿಯೇ ಇದೆ. ಹೊರಗಿನಿಂದ ಎರಡನ್ನೂ ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಆದರೆ ಅದರ ಅನುಪಾತ 3.54, ನಿಮ್ಮ ಮುಂದಿನ ಆಕ್ಸಲಿನದು 4.7. ಸೀರೀಸ್ ಗಾಡಿಗೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಮುಂದೊಂದು ಹಿಂದೊಂದು ಅನುಪಾತವಿಟ್ಟು ಫೋರ್ ವೀಲ್ ಡ್ರೈವ್ ಹಾಕಿದರೆ ಏನಾದರೊಂದು ಮುರಿಯುವುದು ಖಚಿತ. ಮಾರುವವರ ಮಾತಿನ ಮೇಲೆ ಹೋಗದೆ ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್ ಫ್ಲಾಂಜಿನ ಮೇಲೊಂದು, ಕವಚದ ಮೇಲೊಂದು ಗೆರೆ ಎಳೆಯಿರಿ. ಒಂದು ಬದಿಯ ಹಬ್ಬನ್ನು ಅಲುಗದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಫ್ಲಾಂಜ್ ಎಷ್ಟು ಸುತ್ತಿತೆಂದು ಎಣಿಸಿ. ನಾಲ್ಕು ಸುತ್ತು ದಾಟಿ ಐದನೆಯದರ ಮುಕ್ಕಾಲು ಭಾಗಕ್ಕೆ ಸಮೀಪ ನಿಂತರೆ ನಿಮಗೆ ಬೇಕಾದದ್ದು ಅದೇ. ಮೂರೂವರೆಗೆ ನಿಂತರೆ ಬೇಡ.

ಕೂರಿಸುವಾಗ ಸ್ಯಾಲಿಸ್ಬರಿಯ ಕೊಳವೆ ದಪ್ಪವಾಗಿರುವುದರಿಂದ ಯು-ಬೋಲ್ಟುಗಳನ್ನೂ ಕೆಳಗಿನ ಪ್ಲೇಟುಗಳನ್ನೂ ಅದರವನ್ನೇ ತರಬೇಕು. ಮೂತಿ ಉದ್ದವಾಗಿರುವುದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಬೇಕು. ಇಲ್ಲಿಯೇ ನಾನು ಪೆಟ್ಟು ತಿಂದೆ. ಶಾಫ್ಟನ್ನು ಗಿಡ್ಡ ಮಾಡಿಕೊಟ್ಟ ಕಾರ್ಯಾಗಾರದವರು ಎರಡು ತುದಿಯ ಕವಲುಗಳನ್ನು ಒಂದೇ ಸಮತಲದಲ್ಲಿ ನಿಲ್ಲಿಸದೆ ಬೆಸುಗೆ ಹಾಕಿದ್ದರು. ಗಂಟೆಗೆ 40 ಮೈಲಿ ದಾಟಿದೊಡನೆ ಸೀಟಿನ ಕೆಳಗಿನಿಂದ ಗುಂಯ್ ಎಂಬ ಸದ್ದು, ಕೈಯಲ್ಲಿದ್ದ ಗೇರ್ ಲಿವರಿನಲ್ಲಿ ನಡುಕ. ಎರಡು ತಿಂಗಳು ನಾನು ಹೊಸ ಆಕ್ಸಲಿನ ಮೇಲೆಯೇ ಅನುಮಾನಪಟ್ಟೆ. ಕೊನೆಗೆ ಶಾಫ್ಟನ್ನು ಬೆಂಚಿನ ಮೇಲಿಟ್ಟು ಒಂದು ತುದಿಯಿಂದ ಕಣ್ಣು ಹಾಯಿಸಿದಾಗ ತಪ್ಪು ನೇರವಾಗಿ ಕಾಣಿಸಿತು. ನೀವು ಅದನ್ನು ಗಾಡಿಗೆ ಹಾಕುವ ಮೊದಲೇ ಹೀಗೆ ನೋಡಿಬಿಡಿ.

ಉತ್ತರ 2: ಯಾರ್ಕ್‌ಷೈರ್‌ನ ಸ್ಕಿಪ್ಟನ್‌ನಿಂದ

ಮೇಲಿನವರ ಮಾತು ಹಿಂದಿನ ಆಕ್ಸಲಿನ ಮಟ್ಟಿಗೆ ಸರಿಯಾಗಿದೆ. ನಾನು ಇಎನ್‌ವಿ ಆಕ್ಸಲ್‌ಗಳನ್ನು ಮುಂದೆಯೂ ಹಿಂದೆಯೂ ಹಾಕಿರುವವನು, ಆದ್ದರಿಂದ ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಲಂಡನ್ನಿನ ವಿಲ್ಸ್‌ಡನ್‌ನಲ್ಲಿದ್ದ ಆ ಕಂಪನಿ 1908ರ ಸುಮಾರಿಗೆ ವಿಮಾನದ ಎಂಜಿನ್ನುಗಳಿಂದ ಕೆಲಸ ಆರಂಭಿಸಿತು. ವಿ ಆಕಾರದ ಎಂಜಿನ್ನಿಗೆ ಫ್ರೆಂಚರು ಹೇಳುವ ಮಾತೇ ಅದರ ಹೆಸರಾಯಿತು. ಲ್ಯಾಂಡ್ ರೋವರಿನ ಫಾರ್ವರ್ಡ್ ಕಂಟ್ರೋಲ್ ಮತ್ತು 109ರ ಒನ್ ಟನ್ ಗಾಡಿಗಳಲ್ಲಿ ಇದರ ಆಕ್ಸಲ್ ಬಂತು. ಡಿಫರೆನ್ಷಿಯಲ್ ಒಳಗೆ ಎರಡರ ಬದಲು ನಾಲ್ಕು ಸಣ್ಣ ಪಿನಿಯನ್‌ಗಳಿವೆ, ಅನುಪಾತ 4.7. ಎಣ್ಣೆಯಲ್ಲಿ ಅದ್ದಿದಂತೆ ಮೃದುವಾಗಿ ತಿರುಗುತ್ತದೆ. ಅಷ್ಟು ಚೆನ್ನಾಗಿ ಮಾಡಿದ ಆಕ್ಸಲನ್ನು ನಾನು ಬೇರೆ ಕಂಡಿಲ್ಲ.

ಹೀಗಿದ್ದರೂ ಸೌದೆ ಎಳೆಯುವ ಗಾಡಿಗೆ ಇದನ್ನು ಹಾಕಬೇಡಿರೆಂದೇ ನಾನು ಹೇಳುವುದು. ಬಿಡಿಭಾಗಗಳು ಸಿಗುವುದಿಲ್ಲ. ಒಂದು ಬೇರಿಂಗಿಗಾಗಿ ನಾನು ಹನ್ನೊಂದು ತಿಂಗಳು ಕಾದೆ, ಅಷ್ಟು ದಿನವೂ ಗಾಡಿ ಕಟ್ಟಿಗೆಗಳ ಮೇಲೆ ನಿಂತಿತ್ತು. ಇಎನ್‌ವಿ ಉಳಿದಿರುವುದೇ ಸ್ವಲ್ಪ, ಅದು ಮೂಲದಲ್ಲಿ ಅದನ್ನು ಹೊತ್ತು ಬಂದ ಗಾಡಿಗಳಿಗೆ ಸೇರಬೇಕು.

ಮುಂದಿನ ಆಕ್ಸಲನ್ನು ಬದಲಿಸುವ ಯೋಚನೆಯನ್ನೂ ಬಿಡಿ. ಟ್ರೇಲರ್ ಎಳೆಯುವಾಗ ಭಾರವೆಲ್ಲ ಹಿಂದಕ್ಕೆ ಹೋಗುವುದರಿಂದ ಮುಂದಿನ ಶಾಫ್ಟುಗಳ ಮೇಲೆ ಅಂತಹ ಒತ್ತಡ ಬೀಳುವುದಿಲ್ಲ. ಅಲ್ಲಿ ನೋಡಬೇಕಾದದ್ದು ಸ್ವಿವೆಲ್ ಗುಂಡಿನ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನ) ಕ್ರೋಮ್ ಎದ್ದಿದೆಯೇ, ಒಳಗಿನ ಯುನಿವರ್ಸಲ್ ಜಾಯಿಂಟ್ ಸಡಿಲವಾಗಿದೆಯೇ ಎಂಬುದನ್ನು. ಉಳಿಯುವ ಹಣದಲ್ಲಿ ನಾಲ್ಕೂ ಚಕ್ರಗಳ ಬ್ರೇಕ್ ಸಿಲಿಂಡರುಗಳನ್ನು ಹೊಸದಾಗಿ ಹಾಕಿಸಿ. ಎಳೆಯುವ ಶಕ್ತಿ ಹೆಚ್ಚಿಸಿಕೊಂಡವರು ನಿಲ್ಲಿಸುವುದನ್ನು ಮರೆಯುವುದನ್ನು ನಾನು ಹಲವು ಬಾರಿ ನೋಡಿದ್ದೇನೆ, ಅದು ನನಗೆ ನಿಜವಾಗಿಯೂ ಕಳವಳ ತರುತ್ತದೆ.

ಉತ್ತರ 3: ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ

ಉಳಿದ ಎರಡು ದಾರಿಗಳ ಬಗ್ಗೆ ಬರೆಯುತ್ತೇನೆ. ಸೈನ್ಯಕ್ಕಾಗಿ 1972ರಿಂದ 1978ರವರೆಗೆ ತಯಾರಾದ 101 ಫಾರ್ವರ್ಡ್ ಕಂಟ್ರೋಲಿನಲ್ಲಿ ಎರಡೂ ಕಡೆ ಸ್ಯಾಲಿಸ್ಬರಿ ಇರುವುದರಿಂದ ಎಲ್ಲರ ಕಣ್ಣೂ ಅದರ ಮೇಲೆ ಹೋಗುತ್ತದೆ. ಆದರೆ ಅದರ ಅನುಪಾತ 5.57. ಆ ಗಾಡಿಗೆ 9.00-16 ಟೈರ್ ಇತ್ತು, ಅದಕ್ಕೆ ಅದು ಸರಿ. ನಿಮ್ಮ 7.50-16 ಟೈರಿನಲ್ಲಿ ಹೆದ್ದಾರಿಗೆ ಹೋದರೆ ಎಂಜಿನ್ ಕಿರುಚಿಕೊಳ್ಳುತ್ತದೆ. ಚಕ್ರಕ್ಕೆ ಐದರ ಬದಲು ಆರು ಸ್ಟಡ್ ಇರುವುದರಿಂದ ನಿಮ್ಮ ರಿಮ್ಮುಗಳೂ ಕೂರುವುದಿಲ್ಲ.

ನಾನು ಮಾಡಿದ್ದು 110ರ ಸ್ಯಾಲಿಸ್ಬರಿ. ಅದು ಕಾಯಿಲ್ ಸ್ಪ್ರಿಂಗಿನ ಗಾಡಿಯದಾದ್ದರಿಂದ ಹಳೆಯ ಬ್ರಾಕೆಟ್ಟುಗಳನ್ನೆಲ್ಲ ಕತ್ತರಿಸಿ ಲೀಫ್ ಸ್ಪ್ರಿಂಗ್ ಕೂರುವ ಪೀಠಗಳನ್ನು ಬೆಸೆಯಬೇಕಾಯಿತು. ಚಕ್ರಗಳ ನಡುವಿನ ಅಂತರ ಸೀರೀಸ್ ಗಾಡಿಗಿಂತ ಸುಮಾರು ಏಳು ಇಂಚು ಹೆಚ್ಚು. ಹೀಗಾಗಿ ಪ್ರತಿ ಬದಿಯಲ್ಲೂ ಚಕ್ರ ಮೂರೂವರೆ ಇಂಚು ಹೊರಗೆ ಬಂದು, ಮಡ್‌ಗಾರ್ಡಿಗೆ ಅಂಚು ಕಟ್ಟಿಸಬೇಕಾಯಿತು. ಅನುಪಾತವೂ 3.54 ಆದ್ದರಿಂದ ಮುಂದಿನದನ್ನೂ ಬದಲಿಸಿದೆ. ಸಮತಟ್ಟಾದ ರಸ್ತೆಯಲ್ಲಿ ಅದೇ ಎಂಜಿನ್ ವೇಗದಲ್ಲಿ ಗಾಡಿ ಮೂರನೆಯ ಒಂದು ಭಾಗ ಹೆಚ್ಚು ಓಡುತ್ತದೆ, ಕಿವಿಗೆ ಹಿತವಾಗಿದೆ. ಆದರೆ ಭಾರ ಹಾಕಿ ಏರು ಹತ್ತುವಾಗ ಮೊದಲ ಗೇರ್ ಎತ್ತರವೆನಿಸಿ ಕ್ಲಚ್ ಸುಡುತ್ತದೆ. ಮತ್ತೊಮ್ಮೆ ಮಾಡುವುದಾದರೆ 4.7 ಅನ್ನೇ ಉಳಿಸಿಕೊಂಡು ಎರಡೂ ಆಕ್ಸಲ್‌ಗಳಿಗೆ ಬಲ ಕಳುಹಿಸುವ ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ ಫೇರಿ ಓವರ್‌ಡ್ರೈವ್ (ಹೆಚ್ಚುವರಿ ಎತ್ತರದ ಗೇರ್) ಹಾಕುತ್ತಿದ್ದೆ. ಬೇಕೆಂದಾಗ ವೇಗ, ಬೇಡವೆಂದಾಗ ಮೊದಲಿನ ಶಕ್ತಿ.

ಉತ್ತರ 4: ಬ್ರಿಸ್ಟಲ್‌ನಿಂದ

ಕಾಗದಪತ್ರಗಳ ಬಗ್ಗೆ ಎರಡು ಮಾತು. ನಲವತ್ತು ವರ್ಷ ದಾಟಿದ ಗಾಡಿಗಳಿಗೆ 2018ರ ಮೇ 20ರಿಂದ ಬ್ರಿಟನ್ನಿನ ವಾರ್ಷಿಕ ಎಂಒಟಿ ಪರೀಕ್ಷೆಯ (ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಪರೀಕ್ಷೆ) ವಿನಾಯಿತಿ ಇದೆ, ಆದರೆ ಗಣನೀಯವಾಗಿ ಮಾರ್ಪಡಿಸಿದ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ. ಸಸ್ಪೆನ್ಷನ್ ಅಥವಾ ಸ್ಟೀರಿಂಗಿನ ವಿಧಾನವನ್ನೇ ಬದಲಿಸಿದರೆ ಅದು ಗಣನೀಯ ಬದಲಾವಣೆ. ಲೀಫ್ ಸ್ಪ್ರಿಂಗನ್ನು ಹಾಗೆಯೇ ಇಟ್ಟು, ಆ ಮಾದರಿಯ ಗಾಡಿಗೆ ಕಾರ್ಖಾನೆಯೇ ಹಾಕುತ್ತಿದ್ದ ಆಕ್ಸಲನ್ನು ಕೂರಿಸಿದರೆ ವಾದಿಸಲು ನಿಮಗೆ ಗಟ್ಟಿ ನೆಲವಿರುತ್ತದೆ. ಕೆಲಸದ ಪ್ರತಿ ಹಂತದ ಫೋಟೋ ತೆಗೆದಿಡಿ. ವಿಮೆಯವರಿಗೆ ಎಂಜಿನ್ ಬದಲಾವಣೆಯನ್ನೂ ಆಕ್ಸಲ್ ಬದಲಾವಣೆಯನ್ನೂ ಬರವಣಿಗೆಯಲ್ಲಿ ತಿಳಿಸಿ. ವಿನಾಯಿತಿ ಇದ್ದರೂ ನಾನು ಪ್ರತಿ ವರ್ಷ ನನ್ನ ಗಾಡಿಯನ್ನು ಪರೀಕ್ಷೆಗೆ ಒಯ್ಯುತ್ತೇನೆ, ಇನ್ನೊಬ್ಬರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳದಿರಬಹುದು.

ಪ್ರಶ್ನೆ ಕೇಳಿದವರಿಂದ ಮತ್ತೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಶೆಡ್ಡಿನಲ್ಲಿದ್ದ ಎರಡೂ ಶಾಫ್ಟುಗಳನ್ನು ನೋಡಿದೆ: ಒಂದರಲ್ಲಿ ಕಂದು ಬಣ್ಣದ ಹಳೆಯ ಬಿರುಕು ಸ್ಪಷ್ಟವಾಗಿದೆ, ಇನ್ನೊಂದು ಪೂರ್ತಿ ಹೊಸ ಮುರಿತ. ಹಿಂಬದಿಗೆ ಮಾತ್ರ 4.7ರ ಸ್ಯಾಲಿಸ್ಬರಿ ಹುಡುಕಲು ನಿರ್ಧರಿಸಿದ್ದೇನೆ. ಅದು ಸಿಗುವವರೆಗೆ ಈಗಿನ ಆಕ್ಸಲಿನಲ್ಲಿಯೇ ಓಡಿಸಬೇಕಾಗಿದೆ. ಏನು ಎಚ್ಚರಿಕೆ ವಹಿಸಲಿ?

ಉತ್ತರ 1 ಬರೆದವರಿಂದ

ಎರಡನೆಯದು ಹೊಸ ಮುರಿತವೆಂದರೆ, ಮೊದಲನೆಯದರ ಚೂರು ಡಿಫರೆನ್ಷಿಯಲ್ ಒಳಗೇ ಉಳಿದಿತ್ತೇ ಎಂದು ಯೋಚಿಸಿ. ಆಗ ಅದನ್ನು ಹೊರತೆಗೆದು ತೊಳೆದಿರದಿದ್ದರೆ, ಈಗ ಮೊದಲು ಮಾಡಬೇಕಾದ ಕೆಲಸ ಅದೇ. ಭಾರ ಎಳೆಯುತ್ತಾ ಕೆಸರು ಅಥವಾ ಹುಲ್ಲಿನ ಏರಿಗೆ ಇಳಿಯುವ ಮೊದಲೇ ಹಳದಿ ಗುಂಡಿಯನ್ನು ಒತ್ತಿ ಫೋರ್ ವೀಲ್ ಡ್ರೈವ್ ಹಾಕಿಕೊಳ್ಳಿ, ಸಿಕ್ಕಿಹಾಕಿಕೊಂಡ ಮೇಲಲ್ಲ. ಆಗ ಬಲ ನಾಲ್ಕು ಶಾಫ್ಟುಗಳಿಗೆ ಹಂಚಿಹೋಗುತ್ತದೆ. ಒಣ ಡಾಂಬರಿಗೆ ಬಂದ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ತಿರುವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳ ಸುತ್ತಿನ ವ್ಯತ್ಯಾಸವೆಲ್ಲ ಶಾಫ್ಟಿನೊಳಗೆ ಬಿಗಿಯಾಗಿ ಕೂರುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಡಬೇಡಿ.

ಎಡಕ್ಕೊಂದು ಬಲಕ್ಕೊಂದು ಶಾಫ್ಟನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ, ಎರಡರ ಉದ್ದವೂ ಒಂದೇ ಅಲ್ಲ. ಈ ಆಕ್ಸಲಿನಲ್ಲಿ ಗಾಡಿಯ ಭಾರವನ್ನು ಹೊರುವುದು ಹಬ್ಬೇ ಹೊರತು ಶಾಫ್ಟ್ ಅಲ್ಲ, ಆದ್ದರಿಂದ ಶಾಫ್ಟ್ ಮುರಿದರೂ ಚಕ್ರ ಕಳಚುವುದಿಲ್ಲ. ಚಕ್ರವನ್ನು ಬಿಚ್ಚದೆಯೇ ಹಬ್ಬಿನ ಆರು ಬೋಲ್ಟ್ ತೆಗೆದು ಶಾಫ್ಟನ್ನು ಎಳೆಯಬಹುದು. ಆ ಬೋಲ್ಟುಗಳನ್ನು ಈ ವಾರವೇ ಒಮ್ಮೆ ಬಿಚ್ಚಿ, ಗ್ರೀಸ್ ಸವರಿ ಮತ್ತೆ ಹಾಕಿಡಿ. ಮಳೆಯಲ್ಲಿ, ಕತ್ತಲಲ್ಲಿ, ತುಕ್ಕು ಹಿಡಿದ ಆರನೆಯ ಬೋಲ್ಟಿನ ಜೊತೆ ಒಂದೂವರೆ ಗಂಟೆ ಹೋರಾಡಿದ್ದೇನೆ, ಆ ಕಷ್ಟ ನಿಮಗೆ ಬೇಡ.