ವಯಸ್ಕ ಬೌದ್ಧಿಕ ವಿಕಲಚೇತನರ ವಸತಿಗೃಹ: ಒಳಗೆ ಹೋದಾಗ ಏನನ್ನು ನೋಡಬೇಕು?

ಮಲೆನಾಡಿನ ಅಣ್ಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 34 ವರ್ಷ. ಹುಟ್ಟಿನಿಂದಲೇ ಬೌದ್ಧಿಕ ವಿಕಲತೆಯಿದೆ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನಲ್ಲಿ ಶೇ. 75 ಎಂದು ನಮೂದಾಗಿದೆ. ಹನ್ನೊಂದನೆಯ ವಯಸ್ಸಿನಿಂದ ಮೂರ್ಛೆರೋಗವೂ ಸೇರಿಕೊಂಡಿದೆ. ಇಷ್ಟು ವರ್ಷ ಅವಳನ್ನು ಅಮ್ಮನೇ ನೋಡಿಕೊಂಡರು. ಅಮ್ಮನಿಗೆ 72 ಆಯಿತು. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ತಂಗಿಯನ್ನು ಎಬ್ಬಿಸಿ ಸ್ನಾನ ಮಾಡಿಸುವುದು ಅವರ ಕೈಲಾಗುತ್ತಿಲ್ಲ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವರು. ಆದ್ದರಿಂದ ಒಲ್ಲದ ಮನಸ್ಸಿನಿಂದಲೇ ವಸತಿಗೃಹಗಳನ್ನು ನೋಡಲು ಹೊರಟೆವು.

ಎರಡು ತಿಂಗಳಲ್ಲಿ ಮೂರು ಕಡೆ ಹೋಗಿ ಬಂದಿದ್ದೇವೆ. ಮೂರೂ ಕಡೆ ಭೇಟಿ ಒಂದೇ ಬಗೆಯಲ್ಲಿ ನಡೆಯಿತು. ಮೊದಲೇ ಫೋನ್ ಮಾಡಿ ಹೋದೆವು, ಕಚೇರಿಯಲ್ಲಿ ಕಾಫಿ ಕೊಟ್ಟರು, ಗೋಡೆಯ ಮೇಲಿದ್ದ ಪ್ರಶಸ್ತಿಗಳನ್ನೂ ದಾನಿಗಳ ಹೆಸರುಗಳನ್ನೂ ತೋರಿಸಿದರು, ಬಳಿಕ ಹಾಲ್‌ಗೆ ಕರೆದೊಯ್ದಾಗ ಸಾಲಾಗಿ ಕೂತಿದ್ದವರೆಲ್ಲ ಎದ್ದು ನಿಂತು “ನಮಸ್ತೆ ಸರ್” ಎಂದರು. ನೆಲವನ್ನು ಆಗಷ್ಟೇ ಒರೆಸಿದ್ದರು. ಫಿನೈಲಿನ ವಾಸನೆ ಇನ್ನೂ ಆರಿರಲಿಲ್ಲ. ತಪ್ಪು ಹಿಡಿಯಲು ಏನೂ ಸಿಗಲಿಲ್ಲ, ನಂಬಲೂ ಏನೂ ಸಿಗಲಿಲ್ಲ. ಇವುಗಳನ್ನು ಸರ್ಕಾರದವರು ಬಂದು ತಪಾಸಣೆ ಮಾಡುತ್ತಾರೆಯೇ? ಯಾವ ಪತ್ರವನ್ನು ಕೇಳಬೇಕು? ಅದಕ್ಕಿಂತ ಹೆಚ್ಚಾಗಿ, ತನಗೆ ನೋವಾಗಿದೆ ಎಂದು ಬಾಯಿಬಿಟ್ಟು ಹೇಳಲಾರದವಳನ್ನು ಬಿಟ್ಟು ಬರುವ ಮುನ್ನ ನನ್ನ ಕಣ್ಣು ಏನನ್ನು ಹುಡುಕಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ.

ನಿವೃತ್ತ ವಿಶೇಷ ಶಿಕ್ಷಕಿ

ಮೊದಲು ಕಾಗದಪತ್ರದ ಮಾತು ಮುಗಿಸೋಣ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 50ನೆಯ ಕಲಮಿನ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ಇಂಥ ಸಂಸ್ಥೆಯನ್ನು ನಡೆಸುವಂತಿಲ್ಲ. ರಾಜ್ಯ ಸರ್ಕಾರ ಗೊತ್ತುಪಡಿಸಿದ ಸೌಲಭ್ಯ ಮತ್ತು ಮಾನದಂಡಗಳಿದ್ದರೆ ಮಾತ್ರ ಆ ಪತ್ರ ಕೊಡಬೇಕು, ಕೊಟ್ಟ ಪತ್ರವನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ತೂಗುಹಾಕಬೇಕು. ಅದು ಗೋಡೆಯ ಮೇಲೆ ಇದೆಯೇ, ಅವಧಿ ಮುಗಿದಿದೆಯೇ ಎಂದು ನೋಡಿ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಆಗುವ ನೋಂದಣಿ ಬೇರೆಯದು. ಅದೂ ಇದೆಯೇ ಎಂದು ಕೇಳಿ. ಸಂಶಯ ಬಂದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬಹುದು. ಇನ್ನೊಂದು ವಿಷಯವನ್ನು ಬಹಳ ಮನೆಗಳವರು ಮರೆಯುತ್ತಾರೆ. 18 ತುಂಬಿದ ಮೇಲೆ ತಾಯಿಯಾಗಲಿ ಅಣ್ಣನಾಗಲಿ ತಾನೇತಾನಾಗಿ ಕಾನೂನಿನ ಪೋಷಕರಾಗುವುದಿಲ್ಲ. ಅದಕ್ಕಾಗಿ ಅದೇ ನ್ಯಾಸ ಕಾಯ್ದೆಯಡಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅಮ್ಮ ಓಡಾಡುವಂತಿರುವಾಗಲೇ ಈ ಕೆಲಸ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಪತ್ರ ಸರಿಯಿದ್ದರೂ ಒಳಗಿನ ಬದುಕು ಸರಿಯಿದೆ ಎಂದಾಗುವುದಿಲ್ಲ. ನಾನು ಕೆಲಸದಲ್ಲಿದ್ದಾಗ ತಪಾಸಣಾ ತಂಡಗಳ ಜೊತೆ ಹಲವು ಬಾರಿ ಹೋಗಿದ್ದೇನೆ. ತಂಡ ಬರುವುದು ವಾರ ಮೊದಲೇ ಗೊತ್ತಿರುತ್ತಿತ್ತು. ಅಂದು ಎಲ್ಲರಿಗೂ ಇಸ್ತ್ರಿ ಮಾಡಿದ ಬಟ್ಟೆ, ಮಧ್ಯಾಹ್ನಕ್ಕೆ ಪಾಯಸ. ಒಂದು ಕಡೆ ಮೂರು ತಿಂಗಳ ದಿನಚರಿ ಪುಸ್ತಕವನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಓಟದಲ್ಲಿ ಬರೆದಿದ್ದರು. ಬರೆದವರ ಕೈ ಸೋತದ್ದು ಕೊನೆಯ ಪುಟಗಳಲ್ಲಿ ಎದ್ದು ಕಾಣುತ್ತಿತ್ತು. ನಾವು ಹಾಸಿಗೆ ಎಣಿಸಿದೆವು, ಶೌಚಾಲಯ ಎಣಿಸಿದೆವು, ಬೆಂಕಿ ನಂದಿಸುವ ಸಿಲಿಂಡರಿನ ದಿನಾಂಕ ನೋಡಿದೆವು, ಸಹಿ ಹಾಕಿದೆವು. ಅವೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರ ಪಕ್ಕದಲ್ಲಾದರೂ ಹತ್ತು ನಿಮಿಷ ಕೂತವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆಮೇಲೆ ನಾನೇ ಒಂದು ರೂಢಿ ಮಾಡಿಕೊಂಡೆ. ಕಚೇರಿಗೆ ಮೊದಲು ಬಚ್ಚಲಮನೆಗೆ ಹೋಗುತ್ತಿದ್ದೆ. ಹಲ್ಲುಜ್ಜುವ ಬ್ರಷ್‌ಗಳು ಜನರ ಲೆಕ್ಕಕ್ಕೆ ಸರಿಯಾಗಿವೆಯೇ, ಅವು ಒದ್ದೆಯಾಗಿವೆಯೇ. ಒಳಉಡುಪುಗಳು ಹೆಸರು ಬರೆದು ಬೇರೆ ಬೇರೆ ಇವೆಯೇ ಅಥವಾ ಒಗೆದು ಬಂದ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತೊಡಿಸುತ್ತಾರೆಯೇ. ಹೆಂಗಸರ ಕೂದಲನ್ನೆಲ್ಲ ಹೇನಿನ ನೆಪದಲ್ಲಿ ಗಿಡ್ಡ ಕತ್ತರಿಸಿದ್ದಾರೆಯೇ ಎಂಬುದನ್ನು ನೋಡಿದರೆ, ಅಲ್ಲಿ ಮನುಷ್ಯರನ್ನು ಒಬ್ಬೊಬ್ಬರಾಗಿ ಕಾಣುತ್ತಾರೋ ಗುಂಪಾಗಿ ಕಾಣುತ್ತಾರೋ ಎಂಬುದು ತಿಳಿದುಬಿಡುತ್ತದೆ. ಆಮೇಲೆ ಮಲಗುವ ಕೋಣೆಯ ಚಿಲಕ. ಅದು ಹೊರಗಡೆಗೆ ಇದ್ದರೆ, ರಾತ್ರಿ ಯಾರು ಹಾಕುತ್ತಾರೆ, ಬೆಂಕಿ ಬಿದ್ದರೆ ಯಾರು ತೆಗೆಯುತ್ತಾರೆ ಎಂದು ನೇರವಾಗಿ ಕೇಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿಗೆ 28 ಮಾನಸಿಕ ರೋಗಿಗಳು ಬಲಿಯಾದದ್ದು ಸರಪಳಿ ಬಿಗಿದಿದ್ದರಿಂದ ಏಳಲಾರದೆ.

ಇನ್ನು ಹೊತ್ತು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಇರುತ್ತವೆ. ಶಿಕ್ಷಕರೂ ಫಿಸಿಯೋಥೆರಪಿಯವರೂ ಮನೆಗೆ ಹೋದ ಮೇಲೆ ಉಳಿಯುವವರು ಇಬ್ಬರು ಆಯಾಗಳು. ನೀವು ನೋಡಬೇಕಾದದ್ದು ಸಂಜೆ ಆರರ ಮೇಲಿನ ಹೊತ್ತನ್ನು ಮತ್ತು ಭಾನುವಾರವನ್ನು.

ಬ್ರಿಸ್ಟಲ್‌ನಿಂದ ಒಬ್ಬ ನರ್ಸ್

ಮೇಡಂ ಹೇಳಿದ್ದನ್ನು ಓದಿ ನಮ್ಮ ಕಡೆಯ ವಿಷಯವನ್ನೂ ಬರೆಯಬೇಕೆನಿಸಿತು. ನಾನು ಹಾಸನದವನು; ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲತೆಯುಳ್ಳ ವಯಸ್ಕರ ಮನೆಗಳಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ತಪಾಸಣೆಗೆಂದೇ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸ್ವತಂತ್ರ ಸಂಸ್ಥೆ 2009ರಿಂದ ಇದೆ. ಸುರಕ್ಷತೆ, ಪರಿಣಾಮ, ಅಕ್ಕರೆ, ಸ್ಪಂದನೆ, ಆಡಳಿತ ಎಂಬ ಐದು ವಿಷಯಗಳನ್ನು ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತಾರೆ. ವರದಿಯನ್ನು ಯಾರು ಬೇಕಾದರೂ ಓದಬಹುದು. ನಮ್ಮೂರಿನಲ್ಲಿ ಇಷ್ಟು ಇದ್ದಿದ್ದರೆ ಎಂದು ಆಸೆಯಾಗುತ್ತದೆ, ನಿಜ.

ಆದರೂ ನಾನಿರುವ ಊರಿನ ಹೊರವಲಯದಲ್ಲೇ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಗಳ ಖಾಸಗಿ ಆಸ್ಪತ್ರೆಯಿತ್ತು. ಒಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಖರ್ಚು. ಅಲ್ಲಿನ ಸಿಬ್ಬಂದಿ ರೋಗಿಗಳನ್ನು ಹೊಡೆಯುವುದನ್ನೂ ಬಟ್ಟೆಸಮೇತ ತಣ್ಣೀರಿಗೆ ಒಡ್ಡುವುದನ್ನೂ 2011ರ ಮೇ ತಿಂಗಳಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ತೋರಿಸಿತು. 11 ಜನರಿಗೆ ಶಿಕ್ಷೆಯಾಯಿತು, ಆರು ಜನ ಜೈಲಿಗೆ ಹೋದರು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಅದಕ್ಕೂ ಮುಂಚೆಯೇ ಈ ತಪಾಸಣಾ ಸಂಸ್ಥೆಗೆ ಬರೆದು ತಿಳಿಸಿದ್ದರು. ಪತ್ರವನ್ನು ಹಿಡಿದು ಯಾರೂ ಬಾಗಿಲು ತಟ್ಟಿರಲಿಲ್ಲ. ಎಂಟು ವರ್ಷದ ಬಳಿಕ ಡರ್ಹಮ್ ಕೌಂಟಿಯ ವೋರ್ಲ್‌ಟನ್ ಹಾಲ್ ಎಂಬ ಇನ್ನೊಂದು ಆಸ್ಪತ್ರೆಯಲ್ಲಿ ಅಂಥದೇ ದೃಶ್ಯಗಳು ಹೊರಬಂದಾಗ, ಅದರ ಮೇಲಿದ್ದ ದರ್ಜೆ ‘ಉತ್ತಮ’ ಎಂದಿತ್ತು.

ಆಮೇಲೆ ಇಲ್ಲಿ ಚಾಲ್ತಿಗೆ ಬಂದ ಮಾತು ‘ಮುಚ್ಚಿದ ಸಂಸ್ಕೃತಿ’. ಮನೆಯವರು ದೂರದಲ್ಲಿರುವುದು, ಹೊರಗಿನವರ ಓಡಾಟ ಕಡಿಮೆಯಿರುವುದು, ಮಾತು ಬಾರದವರೇ ಹೆಚ್ಚಿರುವುದು, ಮೇಲ್ವಿಚಾರಕರು ಪದೇಪದೇ ಬದಲಾಗುವುದು: ಇಂಥ ಲಕ್ಷಣಗಳು ಕೂಡಿದಲ್ಲಿ, ಕೆಟ್ಟದ್ದೇನೂ ಕಾಣದಿದ್ದರೂ, ತಪಾಸಕರು ಎಚ್ಚರವಾಗಬೇಕು ಎನ್ನುತ್ತಾರೆ. ಈಗ ಅವರು ಹೇಳದೆಯೂ ಬರುತ್ತಾರೆ. ಸ್ವತಃ ಬೌದ್ಧಿಕ ವಿಕಲತೆಯುಳ್ಳವರನ್ನೋ ಅವರ ಮನೆಯವರನ್ನೋ ತಂಡದಲ್ಲಿ ಕರೆತರುತ್ತಾರೆ. ಮಾತು ಬಾರದವರಿರುವ ಕಡೆ ಹಾಲ್‌ನ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತು, ಒಬ್ಬ ನಿವಾಸಿಯ ಬಳಿಗೆ ಯಾರು ಬಂದರು, ಮಾತಾಡಿಸಿದರೋ ಬರೀ ಎತ್ತಿ ಕೂರಿಸಿ ಹೋದರೋ, ಆಗ ಆತನ ಮುಖ ಹೇಗಿತ್ತು ಎಂದು ಬರೆದುಕೊಳ್ಳುವ ಕ್ರಮವಿದೆ. ನೀವೂ ಇದನ್ನು ಮಾಡಬಹುದು. ಊಟದ ಹೊತ್ತಿಗೆ ಮುಕ್ಕಾಲು ಗಂಟೆ ಕೂತಿರಲು ಬಿಡಿ ಎಂದು ಕೇಳಿ. ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ನಿಮ್ಮ ತಂಗಿಗೆ ಮೂರ್ಛೆಯಿದೆ ಎಂದದ್ದರಿಂದ ಇನ್ನೊಂದು ಮಾತು. ಕಾನರ್ ಸ್ಪ್ಯಾರೋಹಾಕ್ ಎಂಬ 18ರ ಹುಡುಗ 2013ರ ಜುಲೈನಲ್ಲಿ ಆಕ್ಸ್‌ಫರ್ಡ್‌ನ ಸರ್ಕಾರಿ ಘಟಕವೊಂದರಲ್ಲಿ, ಸ್ನಾನದ ತೊಟ್ಟಿಯಲ್ಲಿ ಒಬ್ಬನೇ ಇದ್ದಾಗ ಮೂರ್ಛೆ ಬಂದು ಮುಳುಗಿ ತೀರಿಕೊಂಡ. ನಿರ್ಲಕ್ಷ್ಯವೂ ಈ ಸಾವಿಗೆ ಕಾರಣವೆಂದು 2015ರಲ್ಲಿ ನ್ಯಾಯವಿಚಾರಣೆಯ ಜ್ಯೂರಿ ತೀರ್ಮಾನಿಸಿತು. ಆದ್ದರಿಂದ ಸ್ನಾನದ ಹೊತ್ತಿನಲ್ಲಿ ಬಾಗಿಲ ಬಳಿ ಯಾರಿರುತ್ತಾರೆ, ಫಿಟ್ಸ್ ಐದು ನಿಮಿಷ ದಾಟಿದರೆ ಅದನ್ನು ನಿಲ್ಲಿಸಲು ಮೂಗಿಗೆ ಬಿಡುವ ಮಿಡಜೋಲಂ ಸ್ಪ್ರೇ ಹಾಕಲು ರಾತ್ರಿ ಪಾಳಿಯವರಿಗೆ ಬರುತ್ತದೆಯೇ, ಮಾತ್ರೆ ತಪ್ಪಿದ ದಿನವನ್ನು ಎಲ್ಲಿ ಬರೆಯುತ್ತಾರೆ ಎಂದು ಕೇಳಿ. ವಾರ್ಡನ್ ಅವರನ್ನಲ್ಲ, ರಾತ್ರಿ ಇರುವ ಆಯಾ ಅವರನ್ನೇ ಕೇಳಿ.

ಮಂಡ್ಯದ ತಾಯಿ

ನನ್ನ ಮಗನಿಗೆ 29. ನಾಲ್ಕು ವರ್ಷದಿಂದ ಒಂದು ವಸತಿಗೃಹದಲ್ಲಿದ್ದಾನೆ. ಹೆಸರು ಬೇಡ, ಈಗಲೂ ಅವನು ಅಲ್ಲೇ ಇದ್ದಾನೆ. ಮೇಲಿನ ಇಬ್ಬರೂ ಹೇಳಿದ್ದು ಸರಿಯೇ, ಆದರೆ ನನಗಾದ ಅನುಭವದಲ್ಲಿ ಕ್ರೌರ್ಯ ಇರಲೇ ಇಲ್ಲ.

ಎರಡನೆಯ ವರ್ಷದ ಯುಗಾದಿಗೆ ಮನೆಗೆ ಕರೆತಂದಾಗ ಅವನ ಪೈಜಾಮದ ಲಾಡಿಯ ತುದಿ ಒಂದು ಗೇಣು ಉದ್ದ ಜೋತಾಡುತ್ತಿತ್ತು. ತೂಕ ನೋಡಿಸಿದರೆ ಆರು ಕಿಲೋ ಇಳಿದಿತ್ತು. ವಸತಿಗೃಹದ ಪುಸ್ತಕದಲ್ಲಿ ದಿನವೂ ‘ಊಟ ಮಾಡಿದರು’ ಎಂದು ಬರೆದಿತ್ತು, ಅದು ಸುಳ್ಳೂ ಅಲ್ಲ. ತಟ್ಟೆ ಇಡುತ್ತಿದ್ದರು, ಹೊತ್ತಾದ ಮೇಲೆ ಎತ್ತುತ್ತಿದ್ದರು. ದವಡೆ ಹಲ್ಲೊಂದು ಹುಳುಕಾಗಿ ಅಗಿಯಲಾಗದೆ ಅವನು ಅನ್ನ ಕಲಸಿಕೊಂಡು ಕೂತಿರುತ್ತಿದ್ದನೆಂದು ತಿಳಿದದ್ದು ದಂತವೈದ್ಯರು ಬಾಯಿ ತೆರೆಸಿದ ಮೇಲೆ. ನೋವಾದರೆ ಕಿವಿ ಹಿಡಿದುಕೊಳ್ಳುವುದು ಅವನ ಅಭ್ಯಾಸ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ. ಆ ಸಾಲಿನಲ್ಲಿ ಹದಿನಾಲ್ಕು ಜನರಿಗೆ ಉಣ್ಣಿಸುತ್ತಿದ್ದವಳು ಒಬ್ಬಳೇ ಹೆಣ್ಣುಮಗಳು. ನನ್ನ ಎದುರಿಗೇ ಅತ್ತುಬಿಟ್ಟಳು. ಅವಳನ್ನು ಬೈಯಲು ನನಗೆ ನಾಲಿಗೆ ಬರಲಿಲ್ಲ.

ಅದಕ್ಕೇ ಟೀಚರ್ ಅವರಲ್ಲಿ ನನ್ನದೊಂದು ತಕರಾರಿದೆ. ಬಿಗಿಯಾಗಿ ತಪಾಸಣೆ ಮಾಡಿ ಬಾಗಿಲು ಹಾಕಿಸಿದರೆ ಇಂಥ ಮಕ್ಕಳನ್ನು ಇಟ್ಟುಕೊಂಡು ನಾವು ಎಲ್ಲಿಗೆ ಹೋಗಬೇಕು? ನಾನು ದೂರು ಕೊಡಲಿಲ್ಲ. ಪ್ರತಿ ತಿಂಗಳ ಒಂದನೆಯ ತಾರೀಖು ತೂಕ ನೋಡಿ ನನಗೆ ವಾಟ್ಸಾಪ್ ಮಾಡಬೇಕೆಂದು ಬರೆಸಿಕೊಂಡೆ. ಇಂದಿಗೂ ಮಾಡುತ್ತಿದ್ದಾರೆ.

ನಿವೃತ್ತ ವಿಶೇಷ ಶಿಕ್ಷಕಿ

ತಾಯಿ, ನಿಮ್ಮ ತಕರಾರು ನ್ಯಾಯವಾದದ್ದೇ. ಒಬ್ಬಳು ಹದಿನಾಲ್ಕು ಜನರಿಗೆ ಉಣ್ಣಿಸುವುದನ್ನು ತಪಾಸಣೆಗೆ ಹೋದವರು ಬರೆಯಬೇಕಿತ್ತು. ಬರೆದಿದ್ದರೆ ಬಾಗಿಲು ಹಾಕಿಸುವ ಮೊದಲು ಇನ್ನೊಬ್ಬರನ್ನು ನೇಮಿಸಿ ಎಂದು ಹೇಳಲು ದಾರಿಯಿರುತ್ತಿತ್ತು. ನಾವು ಬರೆದದ್ದು ‘ಸಿಬ್ಬಂದಿ ಇದ್ದಾರೆ’ ಎಂದು. ಆದರೆ ಏಟಿನ ಗುರುತು, ಕಟ್ಟಿಹಾಕಿದ ಗುರುತು ಕಂಡಾಗ ವಾಟ್ಸಾಪ್ ಸಾಲದು. 2016ರ ಕಾಯ್ದೆಯ 7ನೆಯ ಕಲಮಿನಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ರಾಜ್ಯ ವಿಕಲಚೇತನರ ಆಯುಕ್ತರಿಗೂ ದೂರು ಕೊಡಬಹುದು. ಅಲ್ಲಿ ದಾಕ್ಷಿಣ್ಯ ಬೇಡ.

ಮಲೆನಾಡಿನ ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಭಾನುವಾರ ಸಂಜೆ ಆರೂವರೆಗೆ, ಹೇಳದೆ, ಎರಡು ಕಡೆ ಹೋಗಿದ್ದೆ. ಅತಿ ಹೆಚ್ಚು ಪ್ರಶಸ್ತಿಗಳಿದ್ದ ಕಡೆ ಗೇಟಿನ ಬಳಿ ಇಪ್ಪತ್ತೈದು ನಿಮಿಷ ನಿಲ್ಲಿಸಿ, ಮ್ಯಾನೇಜರ್ ಊರಲ್ಲಿಲ್ಲ, ನಾಳೆ ಬನ್ನಿ ಎಂದರು. ಒಳಗಿನ ದೀಪಗಳು ಆಗಲೇ ಆರಿದ್ದವು.

ಇನ್ನೊಂದು ಕಡೆ ಬಾಗಿಲು ತೆಗೆದದ್ದು ಅಲ್ಲಿಯೇ ಇರುವ ನಲವತ್ತರ ಆಸುಪಾಸಿನ ಹೆಂಗಸು. “ನೀವು ಯಾರು? ಚಪ್ಪಲಿ ಅಲ್ಲಿ ಬಿಡಿ” ಎಂದರು. ಒಳಗೆ ಟಿ.ವಿ. ಜೋರಾಗಿತ್ತು, ಒಂದು ಮೂಲೆಯಲ್ಲಿ ಯಾರೋ ಚೆಲ್ಲಿದ ಸಾರನ್ನು ಇನ್ನೂ ಒರೆಸಿರಲಿಲ್ಲ, ಇಬ್ಬರು ಕೂತು ಸೊಪ್ಪು ಬಿಡಿಸುತ್ತಿದ್ದರು. ಬ್ರಷ್ ಎಣಿಸಿದೆ: ಹನ್ನೊಂದು ಜನಕ್ಕೆ ಹತ್ತು ಇದ್ದವು. ಒಬ್ಬಾಕೆ ತನ್ನದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳಂತೆ.

ಅಮ್ಮ ಹೇಳಿ ಬರೆಸಿದ ಎರಡು ಪುಟಗಳನ್ನು ರಾತ್ರಿ ಪಾಳಿಯ ಆಯಾ ಕೈಗೆ ಕೊಟ್ಟೆ. ತಂಗಿ ಮುದ್ದೆಯನ್ನು ಎಡಗಡೆ ಕೂತು ಮುರಿದುಕೊಟ್ಟರೆ ಮಾತ್ರ ತಿನ್ನುತ್ತಾಳೆ, ಕತ್ತಲಲ್ಲಿ ಒಂದು ದೀಪ ಉರಿಯುತ್ತಿರಬೇಕು, ಇಂಥವು. ಆಕೆ ಅದನ್ನು ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿ, “ಫಿಟ್ಸ್ ಬರುವ ಮುಂಚೆ ಏನಾದರೂ ಗುರುತು ತೋರಿಸುತ್ತಾರಾ ಸರ್?” ಎಂದು ಕೇಳಿದರು. ಮೂರು ಸಂಸ್ಥೆಗಳಲ್ಲಿ ಈ ಪ್ರಶ್ನೆ ಕೇಳಿದ್ದು ಆಕೆಯೊಬ್ಬರೇ. ಸೆರಗನ್ನು ಬೆರಳಿಗೆ ಸುತ್ತತೊಡಗುತ್ತಾಳೆ ಎಂದೆ. ಅದನ್ನು ಅದೇ ಪುಟದ ಅಂಚಿನಲ್ಲಿ ಬರೆದುಕೊಂಡರು. ಮಿಡಜೋಲಂ ಸ್ಪ್ರೇ ಹಾಕಲು ಆಕೆಗೆ ಬರುವುದಿಲ್ಲ. ಕಲಿಸಿಕೊಡಲು ನಮ್ಮ ವೈದ್ಯರ ಬಳಿ ಕರೆದುಕೊಂಡು ಹೋಗುತ್ತೇನೆಂದು ಮಾತಾಗಿದೆ. ಅದಾದ ಮೇಲೆ ಎರಡು ರಾತ್ರಿಯ ಮಟ್ಟಿಗೆ ಅಮ್ಮನೂ ತಂಗಿಯೂ ಅಲ್ಲಿ ಉಳಿದು ನೋಡಲಿದ್ದಾರೆ.